ಬಹುತ್ವ: ಕಲ್ಹೇರ್, ಜಹೀರಾಬಾದ್, ತಾಂಡೂರು ಸೀಮೆಯ ರಾಜಕೀಯ, ಧರ್ಮ, ಸಮಾಜ

ಒಂದೇ ನಾಡಿನಲ್ಲಿ ಬೇರೆ ಬೇರೆ ಧರ್ಮ, ಭಾಷೆ, ಜಾತಿ, ರಾಜಕೀಯ ನಿಲುವಿನವರು ತಮ್ಮತನ ಬಿಟ್ಟುಕೊಡದೆ ಬಾಳಬಹುದು, ಅಧಿಕಾರದಲ್ಲಿ ಅವರೆಲ್ಲರಿಗೂ ಪಾಲಿರಬೇಕು ಎನ್ನುವ ತತ್ತ್ವಕ್ಕೆ ಬಹುತ್ವವೆಂದು ಹೆಸರು. ಹಲವು ಬಗೆಯ ಜನ ಒಂದೆಡೆ ಇದ್ದಾರೆಂದ ಮಾತ್ರಕ್ಕೆ ಬಹುತ್ವ ಬಂದಂತಲ್ಲ. ಅವರ ನಡುವೆ ಕೊಡುಕೊಳೆ ಇರಬೇಕು, ಜಗಳ ಬಂದಾಗ ಬಗೆಹರಿಸಿಕೊಳ್ಳುವ ದಾರಿ ಇರಬೇಕು, ದುರ್ಬಲರ ಮಾತೂ ಕಚೇರಿಯ ತನಕ ಮುಟ್ಟಬೇಕು. ತೆಲಂಗಾಣದ ಪಶ್ಚಿಮದ ಅಂಚಿನಲ್ಲಿ, ಕರ್ನಾಟಕಕ್ಕೆ ತಾಗಿಕೊಂಡು ಮಹಾರಾಷ್ಟ್ರಕ್ಕೂ ಹತ್ತಿರವಿರುವ ನಾರಾಯಣಖೇಡ, ಜಹೀರಾಬಾದ್, ತಾಂಡೂರು ಸೀಮೆಯಲ್ಲಿ ಈ ಮೂರೂ ಎಷ್ಟರ ಮಟ್ಟಿಗೆ ಇವೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ತತ್ತ್ವದ ಚರಿತ್ರೆಯನ್ನು ಇಲ್ಲಿ ಚಿಕ್ಕದಾಗಿ ಹೇಳಿದರೆ ಸಾಕು. ಪ್ರಭುತ್ವವೊಂದೇ ಸರ್ವಾಧಿಕಾರಿಯಲ್ಲ, ಸಂಘ, ಚರ್ಚು, ಕಾರ್ಮಿಕ ಒಕ್ಕೂಟಗಳಿಗೂ ಸ್ವಂತ ಹಕ್ಕಿದೆ ಎಂದು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಲಾಸ್ಕಿ ವಾದಿಸಿದರು. ಅಮೆರಿಕದ ಹೊರೇಸ್ ಕ್ಯಾಲನ್ 1915ರಲ್ಲಿ ವಲಸಿಗರ ಭಾಷೆ, ಸಂಸ್ಕೃತಿಗಳನ್ನು ಕರಗಿಸಿ ಒಂದು ಮಾಡುವುದನ್ನು ವಿರೋಧಿಸಿದರು. ರಾಬರ್ಟ್ ಡಾಲ್ 1961ರಲ್ಲಿ ನ್ಯೂ ಹೇವನ್ ಪಟ್ಟಣದಲ್ಲಿ ಅಧಿಕಾರ ಹಲವು ಗುಂಪುಗಳ ನಡುವೆ ಹೇಗೆ ಹಂಚಿಹೋಗಿದೆ ಎಂದು ತೋರಿಸಿದರು. ಬರ್ಮಾ ಮತ್ತು ಜಾವಾಗಳನ್ನು ಕಂಡಿದ್ದ ಜೆ. ಎಸ್. ಫರ್ನಿವಾಲ್ ಮಾತ್ರ ಎಚ್ಚರಿಕೆ ಕೊಟ್ಟರು: ವಸಾಹತುಗಳಲ್ಲಿ ಜನ ಪೇಟೆಯಲ್ಲಷ್ಟೇ ಕೂಡುತ್ತಾರೆ, ವ್ಯಾಪಾರ ಮುಗಿದ ಮೇಲೆ ತಂತಮ್ಮ ಕೇರಿ ಸೇರುತ್ತಾರೆ. ಭಾರತದಲ್ಲಿ ರಜನಿ ಕೊಠಾರಿ 1964ರಲ್ಲಿ ಕಾಂಗ್ರೆಸ್ ಪಕ್ಷವನ್ನೇ ಹಲವು ಹಿತಗಳು ಒಳಗೊಳಗೇ ಸೆಣಸುವ ಒಂದು ವ್ಯವಸ್ಥೆ ಎಂದು ವಿವರಿಸಿದರು. ಕನ್ನಡಿಗರಿಗೆ ಇದು ಹೊರಗಿನಿಂದ ಬಂದ ವಿಚಾರವೇನಲ್ಲ. ಜೈನರ ಅನೇಕಾಂತವಾದ, ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು, ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಬುಕ್ಕರಾಯನ 1368ರ ಶ್ರವಣಬೆಳಗೊಳದ ಶಾಸನ, ಎಲ್ಲವೂ ನಮ್ಮ ನೆಲದವೇ.

ಸೀಮೆಯ ಚಹರೆ

ಕಲ್ಹೇರ್ ಸಂಗಾರೆಡ್ಡಿ ಜಿಲ್ಲೆಯ ಒಂದು ಮಂಡಲ ಕೇಂದ್ರ. ನಾರಾಯಣಖೇಡ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು. ಹತ್ತಿರದಲ್ಲೇ 1923ರಿಂದ 1931ರವರೆಗೆ ಕಟ್ಟಿದ ನಿಜಾಂಸಾಗರ ಜಲಾಶಯವಿದೆ. ಅದಕ್ಕೆ ನೀರು ತರುವ ಮಾಂಜ್ರಾ ನದಿ ಬೀಡ್ ಜಿಲ್ಲೆಯಲ್ಲಿ ಹುಟ್ಟಿ, ಲಾತೂರು, ಬೀದರ್ ದಾಟಿ ಇಲ್ಲಿಗೆ ಬಂದು, ಮುಂದೆ ಕಂದಕುರ್ತಿಯಲ್ಲಿ ಗೋದಾವರಿಯನ್ನು ಕೂಡುತ್ತದೆ. ಜಹೀರಾಬಾದ್ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿನ ಪಟ್ಟಣ. ಬೀದರಿಗೆ ಸುಮಾರು 30 ಕಿಲೋಮೀಟರ್. ದಕ್ಷಿಣಕ್ಕೆ ವಿಕಾರಾಬಾದ್ ಜಿಲ್ಲೆಯ ತಾಂಡೂರು ಹಾಸುಗಲ್ಲಿಗೂ ತೊಗರಿಗೂ ಹೆಸರಾದದ್ದು. ಅಲ್ಲಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ತಾಂಡೂರಿನ ಪಕ್ಕದಲ್ಲಿ ಹರಿಯುವ ಕಾಗಿಣಾ ನದಿಯೇ ಕೆಳಗೆ ರಾಷ್ಟ್ರಕೂಟರ ಮಳಖೇಡವನ್ನು ಮುಟ್ಟುತ್ತದೆ. ಆ ರಾಷ್ಟ್ರಕೂಟರ ಕಾಲದ ಕವಿರಾಜಮಾರ್ಗ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸಿತು. ಆ ಲೆಕ್ಕಕ್ಕೆ ಈ ಸೀಮೆಯೆಲ್ಲ ಒಳಗೇ ಬರುತ್ತದೆ. ಹಾಗೆಂದು ಒಂಬತ್ತನೆಯ ಶತಮಾನದ ಗಡಿ ಹಿಡಿದುಕೊಂಡು ಈಗ ಹಕ್ಕು ಸಾಧಿಸಹೊರಡುವುದು ಕೆಲಸಕ್ಕೆ ಬಾರದ ಮಾತು.

ಮಾತಿನ ವಿಷಯಕ್ಕೆ ಬಂದರೆ, ಮನೆಯಲ್ಲೊಂದು, ಪೇಟೆಯಲ್ಲೊಂದು, ಕಚೇರಿಯಲ್ಲೊಂದು ಭಾಷೆ ಆಡುವುದು ಇಲ್ಲಿ ವಿಶೇಷವೇನಲ್ಲ. ತೆಲುಗು ಎಲ್ಲರಿಗೂ ಬರುತ್ತದೆ. ಕರ್ನಾಟಕದ ಅಂಚಿನ ಹಳ್ಳಿಗಳಲ್ಲಿ ಕನ್ನಡ, ಮಹಾರಾಷ್ಟ್ರದ ಕಡೆ ಮರಾಠಿ, ಪಟ್ಟಣಗಳಲ್ಲಿ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ನಿಜಾಮರ ಆಡಳಿತ ಬಿಟ್ಟುಹೋದ ಪಹಣಿ, ಪಟವಾರಿ, ತಹಶೀಲು ಎಂಬ ಮಾತುಗಳು ಗಡಿಯ ಎರಡೂ ಕಡೆ ಒಂದೇ. ಅಡ್ಡಹೆಸರುಗಳೂ ಹಾಗೆಯೇ: ಪಾಟೀಲ, ದೇಶಮುಖ, ಶೆಟ್ಕಾರ್ ಎಂಬ ಹೆಸರು ಕೇಳಿ ಮನೆಮಾತು ಯಾವುದೆಂದು ಊಹಿಸಹೊರಟರೆ ತಪ್ಪುವುದೇ ಹೆಚ್ಚು.

ಒಂದು ಜಿಲ್ಲೆ ಮೂರು ಪಾಲು

ಹೈದರಾಬಾದ್ ಸಂಸ್ಥಾನದಲ್ಲಿ ನಾರಾಯಣಖೇಡ, ಜಹೀರಾಬಾದ್ ಎರಡೂ ಬೀದರ್ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು ಗುಲಬರ್ಗಾ ಜಿಲ್ಲೆಯದು. ಸಂಸ್ಥಾನದ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ತೆಲುಗರು, ಕಾಲುಭಾಗ ಮರಾಠಿಗರು, ಕನ್ನಡ ಮತ್ತು ಉರ್ದು ಮಾತಿನವರು ಹತ್ತರಲ್ಲಿ ಒಂದರ ಆಸುಪಾಸು. ಆಳುವ ಭಾಷೆ ಮಾತ್ರ 1880ರ ದಶಕದಿಂದ ಉರ್ದು. ಜನರ ಬಹುತ್ವಕ್ಕೂ ಆಡಳಿತದ ಏಕತ್ವಕ್ಕೂ ಇದ್ದ ಈ ಅಂತರ ಸಂಸ್ಥಾನದ ಮೂಲ ದೋಷಗಳಲ್ಲೊಂದು.

ಬೀದರ್ ಜಿಲ್ಲೆಯಲ್ಲಂತೂ ಯಾವ ಭಾಷೆಗೂ ಬಹುಮತವಿರಲಿಲ್ಲ. ಮರಾಠಿ ಐದರಲ್ಲಿ ಎರಡು ಪಾಲು, ಕನ್ನಡ ಕಾಲುಭಾಗಕ್ಕಿಂತ ಚೂರು ಹೆಚ್ಚು, ತೆಲುಗು ಮತ್ತು ಉರ್ದು ಸರಿಸುಮಾರು ಸಮಸಮ. ಭಾಷಾವಾರು ರಾಜ್ಯಗಳ ಬೇಡಿಕೆಯನ್ನು ಪರಿಶೀಲಿಸಿದ ಫಜಲ್ ಅಲಿ ಆಯೋಗಕ್ಕೆ ಈ ಜಿಲ್ಲೆ ತಲೆನೋವಾಯಿತು. ತನ್ನ 1955ರ ವರದಿಯಲ್ಲಿ ಅದು ಇಡೀ ಜಿಲ್ಲೆಯನ್ನು ಒಡೆಯದೆ ಉಳಿದ ಹೈದರಾಬಾದ್ ರಾಜ್ಯದೊಂದಿಗೆ ಇಡಬೇಕೆಂದಿತು. ಆ ಸಲಹೆ ನಿಲ್ಲಲಿಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆ ಜಿಲ್ಲೆಯನ್ನು ಮೂರು ರಾಜ್ಯಗಳಿಗೆ ಹಂಚಿತು. ಅಹಮದಪುರ, ನಿಲಂಗಾ, ಉದಗೀರ್ ತಾಲ್ಲೂಕುಗಳು ಮರಾಠಿ ಭಾಗವೆಂದು ಮುಂಬಯಿಗೆ ಹೋದವು. ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ಲನ್ನು ಬಿಟ್ಟು ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಆಂಧ್ರ ಪ್ರದೇಶಕ್ಕೆ ಸೇರಿದವು. ಮಿಕ್ಕದ್ದು ಮೈಸೂರು ರಾಜ್ಯಕ್ಕೆ. ಗುಲಬರ್ಗಾದಿಂದ ತಾಂಡೂರು, ಕೊಡಂಗಲ್, ರಾಯಚೂರಿನಿಂದ ಗದ್ವಾಲ, ಆಲಂಪುರ ತಾಲ್ಲೂಕುಗಳೂ ಆಂಧ್ರದ ಪಾಲಾದವು.

ಇಲ್ಲಿ ಸ್ವಲ್ಪ ನಿಂತು ನೋಡಬೇಕಾದ್ದು ಆ ನಿರ್ಣಾ ಸರ್ಕಲ್. ಜಹೀರಾಬಾದಿಗೆ ಕಂದಾಯ ಕಟ್ಟುತ್ತಿದ್ದ ಹಳ್ಳಿಗಳು ಕರ್ನಾಟಕದಲ್ಲಿ ಉಳಿದವು. ಬೀದರ್ ತಾಲ್ಲೂಕಿಗೇ ಸೇರಿದ್ದ ನ್ಯಾಲಕಲ್ಲಿನ ಹಳ್ಳಿಗಳು ಆಚೆ ಹೋದವು. ಗೆರೆ ಎಳೆದವರು ತಾಲ್ಲೂಕಿನ ಮಟ್ಟಕ್ಕಿಂತಲೂ ಕೆಳಗಿಳಿದು, ಸರ್ಕಲ್ ಸರ್ಕಲ್ಲಾಗಿ ಯಾವ ಭಾಷೆಯವರು ಹೆಚ್ಚು ಎಂದು ಎಣಿಸಿದ್ದರು. ಅಷ್ಟು ನಾಜೂಕಾಗಿ ಕತ್ತರಿಸಿದರೂ ಪ್ರತಿ ತುಂಡಿನೊಳಗೆ ಮತ್ತೆ ನಾಲ್ಕು ಭಾಷೆಗಳು ಉಳಿದೇ ಉಳಿದವು. ಭಾಷಾವಾರು ವಿಂಗಡಣೆ ತಪ್ಪಾಗಿತ್ತೆಂದು ಇದರರ್ಥವಲ್ಲ. ಕನ್ನಡದಲ್ಲಿ ಆಡಳಿತ, ಕನ್ನಡದಲ್ಲಿ ಶಿಕ್ಷಣ ಸಿಕ್ಕಿದ್ದೇ ಅದರಿಂದ. ಆದರೆ ಬಹುಮತವೇ ಇಲ್ಲದ ಜಿಲ್ಲೆಯನ್ನು ಬಹುಮತದ ಸೂತ್ರದಿಂದ ಹಂಚಿದಾಗ ಗಡಿಯ ಈಚೆಗೂ ಆಚೆಗೂ ಹೊಸ ಅಲ್ಪಸಂಖ್ಯಾತರು ಹುಟ್ಟಿಕೊಂಡರು. ಅದಕ್ಕೂ ಮುಂಚೆ ಅವರು ಹಲವರಲ್ಲಿ ಒಬ್ಬರಾಗಿದ್ದವರು.

ದರ್ಗಾ, ಗುಂಡ, ಜಾತ್ರೆ

ಧಾರ್ಮಿಕ ಬಹುತ್ವದ ಮಟ್ಟಿಗೆ ಈ ಸೀಮೆಯಷ್ಟು ಸಿರಿವಂತ ನೆಲ ದಖನಿನಲ್ಲಿ ಕಡಿಮೆ. ಕೇಂದ್ರ ಬೀದರ್. ಬಹಮನಿ ಸುಲ್ತಾನ ಅಹಮದ್ ಶಾಹ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದವನು, 1436ರಲ್ಲಿ ತೀರಿಕೊಂಡ. ಅಷ್ಟೂರಿನಲ್ಲಿರುವ ಅವನ ಗುಮ್ಮಟದ ಒಳಗೋಡೆಗಳ ತುಂಬ ಬಣ್ಣದ ಚಿತ್ತಾರ, ಅರಬ್ಬೀ–ಪಾರ್ಸಿ ಬರಹ. ಇರಾನಿನ ಸೂಫಿ ಷಾ ನಿಯಾಮತುಲ್ಲಾ ಕಿರ್ಮಾನಿಯ ಪರಂಪರೆಯನ್ನು ಗೌರವಿಸಿದ ಈ ಸುಲ್ತಾನನನ್ನು ಲಿಂಗಾಯತರು ಅಲ್ಲಮಪ್ರಭುವಿನ ಅವತಾರವೆಂದು ನಂಬುತ್ತಾರೆ. ಅವನ ಉರುಸು ಹಿಜರಿ ತಿಂಗಳಿಗೆ ನಡೆಯುವುದಿಲ್ಲ. ಹೋಳಿ ಹುಣ್ಣಿಮೆಯಿಂದ ಲೆಕ್ಕ ಹಾಕುವ ದೇಸಿ ಪಂಚಾಂಗಕ್ಕೆ ನಡೆಯುತ್ತದೆ. ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ತಮ್ಮ ಭಕ್ತರನ್ನು ಕರೆದುಕೊಂಡು ನಡೆದುಬರುತ್ತಾರೆ. ಶಂಖ ಊದಿ, ತೆಂಗಿನಕಾಯಿ ಒಡೆದು, ಸಮಾಧಿಗೆ ಹೂವು ಏರಿಸಿದ ಮೇಲೆಯೇ ಉರುಸು ಕಳೆಗಟ್ಟುವುದು. ಇದನ್ನು ಸೌಹಾರ್ದದ ಪ್ರದರ್ಶನವೆಂದು ಹೊರಗಿನವರು ಬಣ್ಣಿಸುತ್ತಾರೆ. ಬರುವ ಜಂಗಮರಿಗೆ ಅದು ಮಾನದ ಕೆಲಸ, ವಂಶದ ಹಕ್ಕು. ಬಹುತ್ವ ಬಾಳಿಕೆ ಬರುವುದು ಹೀಗೆ ಯಾರಾದರೊಬ್ಬರ ಹಕ್ಕಿನ ರೂಪದಲ್ಲಿ ನೆಲೆಯೂರಿದಾಗ.

ಹುಮನಾಬಾದಿನ ಬಳಿಯ ಮಾಣಿಕನಗರದ್ದು ಬೇರೆ ಬಗೆ. ಮಾಣಿಕಪ್ರಭು (1817–1865) ಸಕಲಮತ ಸಂಪ್ರದಾಯ ಎಂಬ ಪಂಥವನ್ನೇ ಕಟ್ಟಿದರು. ಯಾವ ಮತವನ್ನೂ ಹಳಿಯಬಾರದು, ಎಲ್ಲವೂ ಒಂದೇ ಚೈತನ್ಯದ ರೂಪ ಎಂಬುದು ಅದರ ತಿರುಳು. ದತ್ತ ಪರಂಪರೆಯ ಈ ಗುರು ಹಲವು ಭಾಷೆಗಳಲ್ಲಿ ಪದ ಕಟ್ಟಿದರು, ಮುಸ್ಲಿಂ ಭಕ್ತರನ್ನೂ ಪಡೆದರು. ಅಷ್ಟೂರಿನಲ್ಲಿ ಆಚರಣೆ ಮೊದಲು, ವಿವರಣೆ ಆಮೇಲೆ. ಮಾಣಿಕನಗರದಲ್ಲಿ ತತ್ತ್ವವೇ ಮೊದಲು ಬಂದಿತು.

ಜಹೀರಾಬಾದ್ ಹತ್ತಿರದ ಝರಾಸಂಗಮದ ಕೇತಕಿ ಸಂಗಮೇಶ್ವರ ಗುಡಿಗೆ ಮೂರು ರಾಜ್ಯಗಳ ಭಕ್ತರು ಬರುತ್ತಾರೆ. ಗುಡಿಯ ಹಿಂದಿನ ಗುಂಡದಲ್ಲಿ, ಅಂದರೆ ಕೊಳದಲ್ಲಿ, ಮಿಂದು ಒಬ್ಬ ಅರಸನ ಚರ್ಮರೋಗ ವಾಸಿಯಾಯಿತೆಂದು ಸ್ಥಳಪುರಾಣ. ಶಿವರಾತ್ರಿಯ ಜಾತ್ರೆಯಲ್ಲಿ ತೆಲುಗು, ಕನ್ನಡ, ಮರಾಠಿ ಮೂರೂ ಮಾತು ಕಿವಿಗೆ ಬೀಳುತ್ತವೆ. ತಾಂಡೂರಿನಲ್ಲಿ ಭಾವಿಗಿ ಭದ್ರೇಶ್ವರನ ಜಾತ್ರೆ ಊರಿನ ದೊಡ್ಡ ಹಬ್ಬ. ತಾಂಡೂರಿಗೂ ವಿಕಾರಾಬಾದಿಗೂ ನಡುವಿನ ಧಾರೂರಿನಲ್ಲಿ ನವೆಂಬರ್ ತಿಂಗಳಲ್ಲಿ ಮೆಥಡಿಸ್ಟ್ ಕ್ರೈಸ್ತರು ಕೂಡುತ್ತಾರೆ. ಅದರ ಹೆಸರೂ ಜಾತ್ರೆಯೇ. ಕರ್ನಾಟಕ, ಮಹಾರಾಷ್ಟ್ರಗಳಿಂದಲೂ ಜನ ಸಂಸಾರ ಸಮೇತ ಬಂದು ದಿನಗಟ್ಟಲೆ ಬಯಲಿನಲ್ಲೇ ಬಿಡಾರ ಹೂಡುತ್ತಾರೆ. ಬೀದರಿನಲ್ಲಿ ಸಿಖ್ಖರ ಗುರುನಾನಕ ಝೀರಾ ಇದೆ. ಅಲ್ಲೇ ನರಸಿಂಹ ಝರಣಿಯೂ ಇದೆ. ನೀರಿನ ಸೆಲೆ ಕಂಡಲ್ಲೆಲ್ಲ ಯಾವುದಾದರೊಂದು ಮತದ ದೇವರು ನೆಲೆಸಿರುವುದು ಈ ಕೆಂಪು ಕಲ್ಲಿನ ಬೀದರ್ ಪ್ರಸ್ಥಭೂಮಿಯ ಗುಣ.

ಹಳ್ಳಿಗಳಲ್ಲಿ ಮೊಹರಂ ಎಲ್ಲರ ಹಬ್ಬ. ಅಲಾಯಿ ಕುಣಿ ತೋಡುವವರು, ಪೀರನ್ನು ಹೊರುವವರು, ಸಕ್ಕರೆ ಓದಿಸಿಕೊಂಡು ಹೋಗುವವರು ಬಹುಪಾಲು ಹಿಂದೂಗಳೇ. ಮುಸ್ಲಿಂ ಮನೆಯೇ ಇಲ್ಲದ ಹಳ್ಳಿಯಲ್ಲೂ ಪಂಜಾ ಕೂರಿಸುವುದುಂಟು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ರೊಟ್ಟಿ, ಅಂಬಲಿ ಊಟಕ್ಕೆ ಬೇರೆ ಜಾತಿ, ಬೇರೆ ಮತದ ಗೆಳೆಯರನ್ನು ಕರೆಯುವ ಪದ್ಧತಿ ಬೀದರಿನಿಂದ ಈ ಕಡೆಗೂ ಹಬ್ಬಿದೆ.

1948

ಇಷ್ಟೆಲ್ಲ ಇದ್ದೂ ಈ ನೆಲ ರಕ್ತ ಕಂಡಿದೆ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೋರ್ಟಾದಲ್ಲಿ ನಿಜಾಮರ ಪರ ನಿಂತಿದ್ದ ರಜಾಕಾರರು ಹಳ್ಳಿಗರನ್ನು ಕಗ್ಗೊಲೆ ಮಾಡಿದರು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ, ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯ ಹಿಂದೆಯೇ ಸೇಡಿನ ಅಲೆ ಎದ್ದಿತು; ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿ ಕೊಲೆಯಾದರು. ಭಾರತ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ನೇತೃತ್ವದ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000ದ ನಡುವೆ ಅಂದಾಜು ಮಾಡಿತು. ಅದರ ವರದಿ ದಶಕಗಟ್ಟಲೆ ಬೆಳಕು ಕಾಣಲಿಲ್ಲ. ಒಂದು ಪಕ್ಷ ಗೋರ್ಟಾವನ್ನು ಮಾತ್ರ ನೆನೆಯುತ್ತದೆ, ಇನ್ನೊಂದು ಸುಂದರಲಾಲ್ ವರದಿಯನ್ನು ಮಾತ್ರ. ಎರಡನ್ನೂ ಒಟ್ಟಿಗೆ ಓದುವವರು ಕಡಿಮೆ. ದರ್ಗಾಕ್ಕೆ ಕೂಡಿ ಹೋಗುವ ರೂಢಿಯೊಂದೇ ಜನರನ್ನು ಕಾಯಲಾರದು, ಕಾನೂನು ಮತ್ತು ಆಡಳಿತ ನೆಟ್ಟಗಿರಬೇಕು ಎಂಬುದಕ್ಕೆ ಆ ವರ್ಷವೇ ಸಾಕ್ಷಿ.

ಜಾತಿ, ತಾಂಡಾ

ಊರೊಳಗಿನ ಬಹುತ್ವಕ್ಕೆ ಜಾತಿಯದೇ ದೊಡ್ಡ ಅಡ್ಡಗೋಡೆ. ಪೀರಿಗೆ ಸಕ್ಕರೆ ಹಂಚುವ ಕೈಯೇ ದಲಿತರ ಕೇರಿಯನ್ನು ದೂರ ಇಟ್ಟದ್ದುಂಟು. ಈ ಗೋಡೆಗೆ ಕನ್ನ ಹಾಕಿದ ಒಂದು ಪ್ರಯತ್ನ ಜಹೀರಾಬಾದ್ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯದು. ಅದನ್ನು ಕಟ್ಟಿದವರಲ್ಲಿ ಪ್ರಮುಖರು ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ದುಡಿದ ಪಿ. ವಿ. ಸತೀಶ್ (1945–2023). ದಲಿತ ಹೆಂಗಸರ ಸಂಘಗಳು ಪಾಳುಬಿದ್ದ ಹೊಲಗಳಲ್ಲಿ ಸಜ್ಜೆ, ಜೋಳ, ನವಣೆ, ತೊಗರಿ ಎಂದು ಒಂದೇ ಎಕರೆಯಲ್ಲಿ ಇಪ್ಪತ್ತರವರೆಗೆ ಬೆಳೆ ತೆಗೆದು, ಬೀಜ ಕೂಡಿಟ್ಟು, ಹಳ್ಳಿಗಳಲ್ಲಿ ಬೀಜಜಾತ್ರೆ ನಡೆಸಿದವು. 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ಶುರುವಾದ ಸಂಘಂ ರೇಡಿಯೋವನ್ನು ನಡೆಸುವವರು ಇದೇ ಹೆಂಗಸರು. ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂದಿತು.

ಲಂಬಾಣಿಗರ ಪಾಡು ಗಡಿಯ ವಿಚಿತ್ರವನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ತೆಲಂಗಾಣದಲ್ಲಿ ಅವರು ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಮಾತು ಒಂದೇ, ಗುರು ಸೇವಾಲಾಲ್ ಒಬ್ಬನೇ, ಬೀಗತನ ಮೂರೂ ಕಡೆ. ಸುಗ್ಗಿ ಮುಗಿದ ಮೇಲೆ ನಾರಾಯಣಖೇಡ, ಕಲ್ಹೇರ್ ಕಡೆಯ ತಾಂಡಾಗಳಿಂದ ಕಬ್ಬು ಕಡಿಯಲು ಗಡಿ ದಾಟಿ ಹೋಗುವ ದಂಪತಿಗಳಿಗೆ ಅಲ್ಲಿ ತಮ್ಮ ಪಂಗಡದ ಸರ್ಟಿಫಿಕೇಟಿನಿಂದ ಪ್ರಯೋಜನವಿಲ್ಲ. ಇನ್ನೊಂದು ಕಡೆ, 2018ರ ಪಂಚಾಯತ್ ರಾಜ್ ಕಾಯಿದೆಯಿಂದ ತೆಲಂಗಾಣದಲ್ಲಿ 500 ಜನರಿರುವ ತಾಂಡಾಗಳು ಸ್ವತಂತ್ರ ಗ್ರಾಮ ಪಂಚಾಯತಿಗಳಾದವು. ಪಕ್ಕದ ದೊಡ್ಡ ಊರಿನ ಸರಪಂಚನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದವರು ತಾವೇ ಸರಪಂಚರಾದರು. ಬಹುತ್ವದ ದಿಕ್ಕಿನಲ್ಲಿ ಈ ಸೀಮೆ ಇತ್ತೀಚೆಗೆ ಇಟ್ಟ ದೊಡ್ಡ ಹೆಜ್ಜೆ ಇದೇ ಇರಬಹುದು.

ಮತಪೆಟ್ಟಿಗೆ

1956ರಲ್ಲಿ ಬೀದರ್, ನಾಂದೇಡ್ ಜಿಲ್ಲೆಗಳಿಂದ ಕತ್ತರಿಸಿದ ತುಂಡುಗಳನ್ನು 2008ರ ಕ್ಷೇತ್ರ ಮರುವಿಂಗಡಣೆ ಒಂದೇ ಲೋಕಸಭಾ ಕ್ಷೇತ್ರದಲ್ಲಿ ಮತ್ತೆ ಕೂಡಿಸಿತು. ನಾರಾಯಣಖೇಡ, ಜಹೀರಾಬಾದ್, ಜುಕ್ಕಲ್ ಇವೆಲ್ಲ ಇರುವ ಜಹೀರಾಬಾದ್ ಕ್ಷೇತ್ರದಿಂದ 2009ರಲ್ಲಿ ಕಾಂಗ್ರೆಸ್ಸಿನ ಸುರೇಶ್ ಶೆಟ್ಕಾರ್, 2014 ಮತ್ತು 2019ರಲ್ಲಿ ಟಿಆರ್‌ಎಸ್ಸಿನ ಬಿ. ಬಿ. ಪಾಟೀಲ್, 2024ರಲ್ಲಿ ಮತ್ತೆ ಶೆಟ್ಕಾರ್ ಗೆದ್ದರು. ಇಬ್ಬರೂ ಲಿಂಗಾಯತ ಸಮುದಾಯದವರು. ತೆಲಂಗಾಣದಲ್ಲಿ ಲಿಂಗಾಯತರು ಚಿಕ್ಕ ಸಮುದಾಯ. ಈ ಮೂಲೆಯಲ್ಲಿ ಒಟ್ಟಾಗಿರುವುದರಿಂದ ಅವರ ಮತಕ್ಕೆ ತೂಕ. 2022ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ನಾರಾಯಣಖೇಡದಲ್ಲಿ ಶಂಕುಸ್ಥಾಪನೆ ಮಾಡಿದ ಎರಡು ಏತ ನೀರಾವರಿ ಯೋಜನೆಗಳ ಹೆಸರು ಬಸವೇಶ್ವರ, ಸಂಗಮೇಶ್ವರ. ನೀರು ಬರುವ ಮುಂಚೆ ಹೆಸರು ಬಂದಿತು ಎನ್ನುವುದು ಕೊಂಕು ಮಾತಾದೀತು, ಆದರೆ ಹೆಸರಿಡುವವರಿಗೆ ಲೆಕ್ಕ ಗೊತ್ತಿತ್ತು.

ಜಹೀರಾಬಾದ್ ವಿಧಾನಸಭಾ ಸ್ಥಾನದ ಕಥೆ ಇನ್ನೂ ಹೆಚ್ಚಿನ ಪಾಠ ಕಲಿಸುತ್ತದೆ. 1957ರಿಂದ ಹಲವು ಅವಧಿಗೆ ಎಂ. ಬಾಗಾರೆಡ್ಡಿ, 1999 ಮತ್ತು 2004ರಲ್ಲಿ ಮೊಹಮ್ಮದ್ ಫರೀದುದ್ದೀನ್, ಸ್ಥಾನ ಪರಿಶಿಷ್ಟ ಜಾತಿಗೆ ಮೀಸಲಾದ ಮೇಲೆ 2009 ಮತ್ತು 2014ರಲ್ಲಿ ದಲಿತ ನಾಯಕಿ ಜೆ. ಗೀತಾರೆಡ್ಡಿ ಇಲ್ಲಿಂದ ಆಯ್ಕೆಯಾದರು. ಒಂದೇ ಸ್ಥಾನ ರೆಡ್ಡಿ, ಮುಸ್ಲಿಂ, ದಲಿತ ಮೂವರನ್ನೂ ಕಳಿಸಿದ್ದು ಹಿರಿಮೆ. ಆದರೆ ಮೀಸಲಾತಿ ಒಬ್ಬರಿಗೆ ತೆರೆದ ಬಾಗಿಲು ಇನ್ನೊಬ್ಬರಿಗೆ ಮುಚ್ಚಿತು. ಮುಸ್ಲಿಮರು ಗಣನೀಯವಾಗಿರುವ ಪಟ್ಟಣದಿಂದ ಮುಸ್ಲಿಂ ಶಾಸಕ ಆರಿಸಿಬರುವ ದಾರಿ ಸದ್ಯಕ್ಕಿಲ್ಲ. ನ್ಯಾಯವಾದ ಎರಡು ಹಕ್ಕುಗಳು ಎದುರುಬದುರಾಗುವ ಇಂಥ ಸಂದರ್ಭಕ್ಕೆ ಬಹುತ್ವದ ಸಿದ್ಧಾಂತಗಳಲ್ಲಿ ಸಲೀಸಾದ ಉತ್ತರವಿಲ್ಲ.

ಕನ್ನಡದ ಸ್ಥಾನ

ಜಾತಿಗೆ, ಮತಕ್ಕೆ, ತಾಂಡಾಕ್ಕೆ ಇಲ್ಲಿ ರಾಜಕೀಯ ದನಿ ಸಿಕ್ಕಿದೆ. ಭಾಷೆಗೆ ಸಿಕ್ಕಿಲ್ಲ. ಲಿಂಗಾಯತ ಸಂಸದರಿದ್ದಾರೆ, ಕನ್ನಡದ ಹೆಸರಿನಲ್ಲಿ ಮತ ಕೇಳಿದ ಪಕ್ಷವಿಲ್ಲ. 2017ರಲ್ಲಿ ತೆಲಂಗಾಣ ಉರ್ದುವನ್ನು ಇಡೀ ರಾಜ್ಯಕ್ಕೆ ಎರಡನೆಯ ಆಡಳಿತ ಭಾಷೆಯಾಗಿ ಮಾಡಿತು. 2018ರ ಕಾಯಿದೆ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸಿತು. ಎರಡೂ ತಪ್ಪಲ್ಲ. ಆದರೆ ಮೂರನೆಯ, ನಾಲ್ಕನೆಯ ಭಾಷೆಯ ಮಗುವಿನ ಮಾತು ಆ ಚರ್ಚೆಯಲ್ಲಿ ಬರಲೇ ಇಲ್ಲ. ತೆಲಂಗಾಣ ಸರ್ಕಾರ ಕನ್ನಡ ಮಾಧ್ಯಮದ ಪಠ್ಯಪುಸ್ತಕ ಅಚ್ಚು ಹಾಕಿಸುತ್ತದೆ, ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲೂ ನಡೆಸುತ್ತದೆ. ಹೈದರಾಬಾದಿನಲ್ಲಿ ಕರ್ನಾಟಕ ಸಾಹಿತ್ಯ ಮಂದಿರ, ಕಾಚಿಗುಡದ ನೃಪತುಂಗ ಶಾಲೆಯಂಥ ಹಳೆಯ ಸಂಸ್ಥೆಗಳಿವೆ. ಗಡಿಯ ಹಳ್ಳಿಗಳಲ್ಲಿ ಅಂಥ ಆಸರೆಯಿಲ್ಲ. ಮನೆಯವರ ಒಲವೂ ಇಂಗ್ಲಿಷ್ ಶಾಲೆಯ ಕಡೆಗೇ. ಕನ್ನಡ ಕುಂದಿದ್ದಕ್ಕೆ ತೆಲುಗನ್ನು ದೂರುವುದು ಸುಲಭ, ನಿಜವಲ್ಲ.

ರಾಜ್ಯಗಳ ವಿಂಗಡಣೆಯಾದ 1956ರಲ್ಲೇ ಸಂವಿಧಾನಕ್ಕೆ 350ಎ ವಿಧಿ ಸೇರಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಸಾಕಷ್ಟು ಸೌಲಭ್ಯ ಕೊಡಲು ಪ್ರತಿ ರಾಜ್ಯವೂ ಯತ್ನಿಸಬೇಕು. ಅದಕ್ಕೂ ಮೊದಲು, 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ಒಂದು ಅಳತೆಯನ್ನೂ ಒಪ್ಪಿತ್ತು: ಶಾಲೆಯಲ್ಲಿ 40 ಮಕ್ಕಳು, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳು ಕೇಳಿದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆಂದು ರಾಜ್ಯಗಳು ಒಪ್ಪಿಕೊಂಡ ಸೂತ್ರಗಳಲ್ಲಿ ಇದೂ ಒಂದು. ನಾರಾಯಣಖೇಡದಿಂದ ತಾಂಡೂರಿನವರೆಗಿನ ಗಡಿ ಹಳ್ಳಿಗಳಲ್ಲಿ ಕನ್ನಡ ಆಡುವ ಪಾಲಕರು ಶಾಲೆ ಶುರುವಾಗುವ ಮುಂಚೆಯೇ ಹತ್ತು ಹೆಸರು ಬರೆದು ಮಂಡಲ ಶಿಕ್ಷಣಾಧಿಕಾರಿಗೆ ಅರ್ಜಿ ಕೊಡಬೇಕು, ಕೊಟ್ಟದ್ದಕ್ಕೆ ರಸೀದಿ ಪಡೆಯಬೇಕು.